ಹಗೇವಿನ ಬಾಯಿ ಯಾರ ಅಂಗಳದಲ್ಲಿತ್ತು?

ಹಗೇವು ಎಂದರೇನು ಅಂತ ಇವತ್ತಿನ ಹುಡುಗರನ್ನು ಕೇಳಿದರೆ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ನೆಲದೊಳಗೆ ಆಳುದ್ದಕ್ಕೂ ಮೀರಿ ತೋಡಿ, ಬಾಯಿ ಕಿರಿದು ಹೊಟ್ಟೆ ಹಿರಿದು ಮಾಡಿ, ಒಳಗೆ ಹುಲ್ಲು ಹಾಸಿ ರಾಗಿ ತುಂಬುತ್ತಿದ್ದ ಗುಳಿ ಅದು. ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಗಾಳಿಯಿಲ್ಲ, ಹುಳವಿಲ್ಲ. ವರ್ಷಗಳು ಉರುಳಿದರೂ ರಾಗಿ ಕೆಡುತ್ತಿರಲಿಲ್ಲ.

ಹಗೇವು ತೆಗೆಯುವ ದಿನ ಮಾತ್ರ ಒಂದು ಅಪಾಯವಿತ್ತು. ಮುಚ್ಚಿದ ಗುಳಿಯೊಳಗೆ ಕೆಟ್ಟ ಗಾಳಿ ಕೂಡಿರುತ್ತಿತ್ತು. ಬಾಯಿ ತೆರೆದು ಬಹಳ ಹೊತ್ತು ಬಿಡಬೇಕು. ದೀಪ ಇಳಿಸಿ, ಆರುತ್ತದೋ ಉರಿಯುತ್ತದೋ ನೋಡಬೇಕು. ಆಮೇಲೆ ಮನುಷ್ಯನನ್ನು ಇಳಿಸಬೇಕು. ಅವಸರ ಮಾಡಿದರೆ ಇಳಿದವನು ಉಸಿರುಕಟ್ಟಿ ಅಲ್ಲೇ ಉರುಳುತ್ತಿದ್ದ. ಹಾಗೆ ಇಳಿಯುತ್ತಿದ್ದವನು ಯಾರು? ಹಗೇವಿನ ಒಡೆಯನೇ? ಅಲ್ಲ. ಒಡೆಯನ ಮನೆಯ ಜೀತದಾಳು ಎಂದು ನಮ್ಮ ಕೇರಿಯ ಹಿರೀಕರು ಹೇಳುತ್ತಿದ್ದರು. ಇಳಿದವನು ನಮ್ಮವನು, ಮೇಲೆ ಬಂದ ರಾಗಿ ಅವರದು.

ಈ ಒಂದು ಮಾತಿನಲ್ಲಿ ನಮ್ಮ ನಾಡಿನ ಅನ್ನದ ಚರಿತ್ರೆ ಇದೆ ಎಂದು ನಾನು ನಂಬಿದ್ದೇನೆ. ಇವತ್ತು ಸಾವಯವ ಎನ್ನುತ್ತಾರೆ, ಸಹಜ ಕೃಷಿ ಎನ್ನುತ್ತಾರೆ, ಸಿರಿಧಾನ್ಯ ಎನ್ನುತ್ತಾರೆ, ಪರಿಸರಕ್ಕೆ ಒಗ್ಗಿದ ಬೇಸಾಯ ಎನ್ನುತ್ತಾರೆ. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ಈ ಮಾತಾಡುವವರು ಮಣ್ಣು, ಬೀಜ, ಗೊಬ್ಬರ, ಎರೆಹುಳು ಎಲ್ಲದರ ಬಗ್ಗೆ ಮಾತಾಡಿ ಒಂದನ್ನು ಮಾತ್ರ ಬಿಟ್ಟುಬಿಡುತ್ತಾರೆ: ಹೊಲ ಯಾರದ್ದು? ಹಗೇವಿನ ಬಾಯಿ ಯಾರ ಅಂಗಳದಲ್ಲಿದೆ? ಗೆಳೆಯರೆ, ಈ ಪ್ರಶ್ನೆ ಬಿಟ್ಟು ಮಾಡುವ ಅನ್ನದ ಚರ್ಚೆ ಉಂಡವರ ಹರಟೆ. ಆದ್ದರಿಂದ ನಾವು ಮೊದಲಿಂದ ನೋಡೋಣ.

*

ರಾಗಿ ನಮ್ಮದು ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಅದು ಆಫ್ರಿಕಾದ್ದು. ಇಥಿಯೋಪಿಯಾ, ಉಗಾಂಡದ ಎತ್ತರದ ಸೀಮೆಗಳಲ್ಲಿ ಅಲ್ಲಿನ ಕಪ್ಪು ಜನ ಕಾಡುಹುಲ್ಲನ್ನು ಪಳಗಿಸಿ ಬೆಳೆ ಮಾಡಿದರು. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ನಮ್ಮ ಕೆಂಪು ಮಣ್ಣಿಗೆ ಬಂತು. ಯಾವ ಮುನಿಯೂ ಅದನ್ನು ತಪಸ್ಸು ಮಾಡಿ ಪಡೆಯಲಿಲ್ಲ, ಯಾವ ದೇವರೂ ವರ ಕೊಡಲಿಲ್ಲ. ದುಡಿಯುವವರು ಬೆಳೆದದ್ದನ್ನು ದುಡಿಯುವವರು ತಂದರು, ದುಡಿಯುವವರು ಉಳಿಸಿಕೊಂಡರು.

ಬಂದ ರಾಗಿಯನ್ನು ನಮ್ಮ ಜನ ಒಂಟಿಯಾಗಿ ಬಿತ್ತಲಿಲ್ಲ. ಆರೋ ಎಂಟೋ ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಆ ಸಾಲಿನಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ. ಹೊಲದಂಚಿಗೆ ಹರಳು. ಕೂರಿಗೆ ಹಿಡಿದ ಗಂಡಸಿನ ಹಿಂದೆ ಬಿದಿರಿನ ಕೊಳವೆ ಹಿಡಿದು ಅಕ್ಕಡಿ ಕಾಳು ಬಿಡುತ್ತಾ ಹೆಂಗಸು ನಡೆಯುತ್ತಿದ್ದಳು. ಯಾವ ಕಾಳು ಎಷ್ಟು ಬಿಡಬೇಕು ಅನ್ನೋದು ಅವಳ ಬೆರಳಿಗೆ ಗೊತ್ತಿತ್ತು.

ಇದರ ಲೆಕ್ಕಾಚಾರ ಸಣ್ಣದಲ್ಲ. ಅವರೆ ತೊಗರಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟುತ್ತವೆ. ತೊಗರಿಯ ಬೇರು ಆಳಕ್ಕಿಳಿದು ರಾಗಿಗೆ ಎಟುಕದ ತೇವವನ್ನು ಹುಡುಕುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಹುಬ್ಬೆ ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆ ನಿಲ್ಲುತ್ತದೆ, ಅದೂ ಹೋದರೆ ಕಡೆಗೆ ಹಿಂಗಾರಿಗೆ ಹುರುಳಿಯಾದರೂ ಚೆಲ್ಲಬಹುದು. ಎಲ್ಲ ಬೆಳೆಯೂ ಒಂದೇ ದಿನ ಕೊಯ್ಲಿಗೆ ಬರುವುದಿಲ್ಲ. ಹುಚ್ಚೆಳ್ಳು ಮೊದಲು, ಆಮೇಲೆ ರಾಗಿ, ಆಮೇಲೆ ಸೊಗಡಿನ ಅವರೆ, ಸಂಕ್ರಾಂತಿ ಹೊತ್ತಿಗೆ ತೊಗರಿ. ಅಂದರೆ ಮುದ್ದೆ, ಸಾರು, ಎಣ್ಣೆ, ದನದ ಹುಲ್ಲು, ಒಲೆಗೆ ಸೌದೆ ಎಲ್ಲ ಒಂದೇ ಹೊಲದಲ್ಲಿ. ಇನ್ನು ಸಾಲುಗಳ ನಡುವೆ ಬಿತ್ತದೆ ಬರುವ ಬೆರಕೆ ಸೊಪ್ಪು: ಅಣ್ಣೆ, ಗಣಿಕೆ, ಗೋಣಿ, ದೊಗ್ಗಲಿ. ಕಳೆ ಕೀಳಲು ಬಂದ ಕೂಲಿ ಹೆಂಗಸು ಸಂಜೆ ಮಡಿಲು ತುಂಬಾ ಅದನ್ನು ಕಟ್ಟಿಕೊಂಡು ಹೋದರೆ ಆ ರಾತ್ರಿಗೆ ಮಸ್ಸೊಪ್ಪು. ಹೊಲದೊಡೆಯನಿಗೆ ಕಳೆ, ಕೇರಿಗೆ ಸಾರು.

೧೭೯೯ರಲ್ಲಿ ಟಿಪ್ಪು ಬಿದ್ದ ಮೇಲೆ, ಹೊಸ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಎಷ್ಟು ಸುಲಿಯಬಹುದು ಎಂದು ತಿಳಿಯಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ೧೮೦೦–೦೧ರಲ್ಲಿ ಅವನು ಮೈಸೂರು ಸೀಮೆ ಸುತ್ತಿ ಬರೆದದ್ದು ೧೮೦೭ರಲ್ಲಿ ಅಚ್ಚಾಯಿತು. ರಾಗಿ, ಅದರ ಜೊತೆಯ ಅಕ್ಕಡಿ ಕಾಳು, ಕೂರಿಗೆ, ಕುಂಟೆ ಎಲ್ಲವನ್ನೂ ಅವನು ಬಿಡದೆ ಬರೆದುಕೊಂಡಿದ್ದಾನೆ. ಆ ಹೊಲಗಳಲ್ಲಿ ದುಡಿಯುತ್ತಿದ್ದ ಹೊಲೆಯರ ಹೆಸರೂ ಆ ಪುಟಗಳಲ್ಲಿ ಇದೆ, ಆಳುಗಳಾಗಿ. ಹೊಲದ ಒಡೆಯರಾಗಿ ಅಲ್ಲ. ಇದನ್ನು ಗಮನಿಸಬೇಕು. ಇವತ್ತು ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ‘ಭಾರತೀಯ ರೈತನ ಪಾರಂಪರಿಕ ಜ್ಞಾನ’ ಎಂದು ಹೊಗಳುತ್ತಾರಲ್ಲ, ಆ ಜ್ಞಾನದ ಬಹುಪಾಲು ಹೊಲವಿಲ್ಲದವರ ಕೈಯಲ್ಲಿತ್ತು. ಕೈ ನಮ್ಮದು, ಹೆಸರು ಹೊಲದವನದು.

*

ಕೈಗೆ ಏನು ಸಿಗುತ್ತಿತ್ತು? ಆಯ. ಹಳ್ಳಿಯ ಹನ್ನೆರಡು ಆಯಗಾರರ ಲೆಕ್ಕದಲ್ಲಿ ತೋಟಿ ತಳವಾರರೂ ಇದ್ದರು, ಮಾದಿಗರೂ ಇದ್ದರು. ಈ ಆಯದ ವ್ಯವಸ್ಥೆಯನ್ನು ‘ಹಳ್ಳಿಯ ಸ್ವಾವಲಂಬನೆ’ ಎಂದು ಕಣ್ಣಿಗೊತ್ತಿಕೊಳ್ಳುವ ವಿದ್ವಾಂಸರಿದ್ದಾರೆ. ಅವರು ಕಣದಲ್ಲಿ ಕಡೆಗೆ ಕಾಯುತ್ತಾ ನಿಂತವರಲ್ಲ.

ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿದವನು ಮಾದಿಗ. ಮಿಣಿ, ಬಾರುಕೋಲು, ಎತ್ತಿನ ಕೊರಳ ಪಟ್ಟಿ ಮಾಡಿದವನೂ ಅವನೇ. ಸತ್ತ ದನವನ್ನು ಊರಿಂದ ಹೊತ್ತು ಹೊರಗೆ ಸಾಗಿಸಿ, ತೊಗಲು ಹದಮಾಡಿ, ಅದೇ ತೊಗಲಿನಿಂದ ಊರಿಗೆ ನೀರು ಕುಡಿಸಿದವನು ಅವನು. ಆ ನೀರಿನ ಬಾವಿಯನ್ನು ಮುಟ್ಟಕೂಡದು ಎಂಬ ಕಟ್ಟಳೆಯೂ ಅವನಿಗೇ. ಕೋಲಾರದ ಕಡೆ ಕೆರೆ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುತ್ತಿದ್ದ ನೀರುಗಂಟಿ ಬಹಳ ಊರುಗಳಲ್ಲಿ ದಲಿತನೇ. ಎಲ್ಲರ ಗದ್ದೆಗೂ ನೀರು ಬಿಟ್ಟವನಿಗೆ ಆ ಕೆಲಸಕ್ಕೆಂದು ಬಿಟ್ಟ ತುಂಡು ಇನಾಮು ಬಿಟ್ಟರೆ ಗದ್ದೆ ಇರಲಿಲ್ಲ.

ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮೊದಲು ದೇವರ ಪಾಲು, ಅಯ್ನೋರ ಪಾಲು, ಆಮೇಲೆ ಬಡಗಿ, ಕಮ್ಮಾರ. ಕಟ್ಟಕಡೆಗೆ ನಮ್ಮದು. ಅದೂ ಎಷ್ಟೋ ಕಡೆ ರಾಶಿಯ ತಳದಲ್ಲಿ ಮಣ್ಣು ಬೆರೆತದ್ದು, ಕಣ ಗುಡಿಸಿದ್ದು. ಅದನ್ನು ಜರಡಿ ಹಿಡಿದು, ಗಾಳಿಗೆ ತೂರಿ ಮನೆಗೆ ತರಬೇಕು. ಕೊಡುವವನಿಗೆ ಅದು ಧರ್ಮ. ತಗೊಳ್ಳುವವನಿಗೆ ಅದು ಹಕ್ಕು ಎಂದು ಯಾವ ಕಡತದಲ್ಲೂ ಬರೆದಿರಲಿಲ್ಲ. ಮಳೆ ಹೋದ ವರ್ಷ ಕೊಡದಿದ್ದರೆ ಕೇಳುವಂತಿರಲಿಲ್ಲ. ಆಗ ಹೋಗಿ ಹಗೇವಿನ ಒಡೆಯನ ಮುಂದೆ ನಿಲ್ಲಬೇಕು. ಅವನು ನಾಲ್ಕು ಕೊಳಗ ಅಳೆದು ಕೊಡುತ್ತಾನೆ. ಆ ನಾಲ್ಕು ಕೊಳಗಕ್ಕೆ ಮಗ ಜೀತಕ್ಕೆ ಹೋಗುತ್ತಾನೆ.

ರಾಗಿ ಕೆಡದೆ ಉಳಿಯುತ್ತದೆ ಎಂಬುದು ಅದರ ಹಿರಿಯ ಗುಣ. ೧೬ನೇ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಈ ಗುಣವನ್ನೇ ಹಿಡಿದು ಅಕ್ಕಿಯ ಸೊಕ್ಕು ಮುರಿದರು. ಅಕ್ಕಿಗೂ ರಾಗಿಗೂ ಜಗಳ ಬಿದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಅಕ್ಕಿ ಸೊರಗಿತು, ರಾಗಿ ಗಟ್ಟಿಯಾಗಿ ಉಳಿಯಿತು. ಮೇಲು ಕೀಳಿನ ವಾದವನ್ನು ಕಾಳುಗಳ ಬಾಯಲ್ಲಿ ಆಡಿಸಿದ ದೊಡ್ಡ ಮನಸ್ಸು ಅದು. ಆದರೆ ನಮ್ಮ ಕೇರಿಯಿಂದ ನೋಡಿದಾಗ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಗೆದ್ದ ರಾಗಿ ಆಮೇಲೆ ಯಾರ ಮನೆ ಸೇರಿತು? ಕೆಡದೆ ಉಳಿಯುವ ಕಾಳನ್ನು ಕೂಡಿಡಬಹುದು. ಕೂಡಿಟ್ಟವನು ಕಾಯಬಹುದು. ಹಸಿದವನು ಕಾಯಲಾರ. ಕಾಯಬಲ್ಲವನ ಮುಂದೆ ಕಾಯಲಾರದವನು ಬಗ್ಗುತ್ತಾನೆ. ಕಾಳಿನ ಗುಣವೇ ಒಡೆಯನ ಬಲವಾಯಿತು.

*

ಇದರ ಪರಿಣಾಮ ಏನೆಂದು ತಿಳಿಯಲು ಧಾತು–ಈಶ್ವರ ಬರವನ್ನು ನೆನೆದರೆ ಸಾಕು. ೧೮೭೫ರಲ್ಲೇ ಮಳೆ ಅರೆಬರೆಯಾಗಿತ್ತು. ೧೮೭೬ರಲ್ಲಿ ಮುಂಗಾರು ಹಿಂಗಾರು ಎರಡೂ ಕೈಕೊಟ್ಟವು. ರಾಗಿ ಹೊಲಗಳು ಒಣಗಿದವು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಕಂದಾಯದ ಕಟ್ಟುನಿಟ್ಟು ಮೊದಲಿಂದ ಇತ್ತು. ಹಗೇವುಗಳಲ್ಲಿ ಇದ್ದದ್ದು ಬೆಲೆ ಏರಲೆಂದು ಒಳಗೇ ಉಳಿಯಿತು, ಇಲ್ಲವೇ ದುಬಾರಿಗೆ ಹೊರಬಿತ್ತು. ೧೮೬೪ರಲ್ಲೇ ಮದರಾಸಿನಿಂದ ಬೆಂಗಳೂರಿಗೆ ರೈಲು ಬಂದಿತ್ತು. ರೈಲಿನಲ್ಲಿ ಧಾನ್ಯವೂ ಬಂತು. ಆದರೆ ಕೊಳ್ಳಲು ಕಾಸು ಬೇಕಲ್ಲ? ಆಯ ತಗೊಂಡು ಬದುಕಿದವನ ಕೈಯಲ್ಲಿ ಕಾಸೆಲ್ಲಿಂದ ಬರಬೇಕು? ಬೆಳೆಯಿಲ್ಲವೆಂದರೆ ಕೂಲಿಯಿಲ್ಲ, ಕೂಲಿಯಿಲ್ಲವೆಂದರೆ ಕಾಳಿಲ್ಲ.

೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ೫೦ ಲಕ್ಷ ದಾಟಿದ್ದರು. ೧೮೮೧ರಲ್ಲಿ ಉಳಿದವರು ಸುಮಾರು ೪೨ ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾಗಿದ್ದ ನಾಡಿನಲ್ಲಿ ೮ ಲಕ್ಷಕ್ಕೂ ಮೇಲೆ ಕಮ್ಮಿ. ಇವರೆಲ್ಲ ಯಾರು? ಹಗೇವು ಇದ್ದವರೇ? ಬರಗಾಲಕ್ಕೆ ಮಳೆ ಕಾರಣ ಎನ್ನುತ್ತಾರೆ. ಮಳೆ ಹೋದದ್ದು ಎಲ್ಲರ ಹೊಲದ ಮೇಲೂ. ಸತ್ತವರು ಮಾತ್ರ ಹೊಲವಿಲ್ಲದವರು, ಹಗೇವಿಲ್ಲದವರು ಮೊದಲು. ಅಕ್ಕಡಿ ಸಾಲಿನ ಎಲ್ಲ ಜಾಣ್ಮೆಯೂ ಅವರ ಬೆರಳಲ್ಲೇ ಇತ್ತು. ಆ ಜಾಣ್ಮೆ ಅವರನ್ನು ಉಳಿಸಲಿಲ್ಲ.

ಹಳೆಯ ಬೇಸಾಯ ಪದ್ಧತಿಗೆ ಮರಳಿದರೆ ಎಲ್ಲ ಸರಿಹೋದೀತು ಎನ್ನುವವರಿಗೆ ನಾವು ಈ ಬರವನ್ನು ನೆನಪಿಸಬೇಕು. ಮರಳಲು ನಮಗೆ ಅಲ್ಲಿ ಮನೆಯಿಲ್ಲ.

*

ಮುಂದೆ ಅಕ್ಕಿಯ ಕಾಲ ಬಂತು. ೧೯೧೧ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನಾಲೆ ಹರಿದ ಮಂಡ್ಯ ಸೀಮೆಯಲ್ಲಿ ಹೊಲ ಗದ್ದೆಯಾಯಿತು. ೧೯೩೩ರಲ್ಲಿ ಸಕ್ಕರೆ ಕಂಪನಿ ಬಂತು, ಕಬ್ಬು ಬಂತು. ನೀರು ಬಂದ ಕಡೆ ನೆಲದ ಬೆಲೆ ಏರಿತು. ನೆಲವಿದ್ದವನು ಏರಿದ, ಇಲ್ಲದವನು ನಾಟಿ ಹಾಕಿದ. ಅನ್ನ ಉಣ್ಣುವುದೇ ದೊಡ್ಡಸ್ತಿಕೆ ಎಂಬ ಭಾವನೆ ಹಬ್ಬದಡುಗೆಯಿಂದ ದಿನದಡುಗೆಗೆ ಇಳಿಯಿತು. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಆದರೂ ಮುದ್ದೆ ಉಣ್ಣುವವನು ಗಮಾರ, ಅನ್ನ ಉಣ್ಣುವವನು ನಾಗರಿಕ. ಕಾಳಿಗೂ ಜಾತಿ ಕಟ್ಟಿದ ದೇಶ ನಮ್ಮದು.

ಸ್ವಾತಂತ್ರ್ಯ ಬಂದ ಮೇಲೆ ಅಮೆರಿಕದ ಗೋಧಿ ಹಡಗಿನಲ್ಲಿ ಬಂತು. ೧೯೬೫ರಲ್ಲಿ ಆಹಾರ ನಿಗಮ ಹುಟ್ಟಿತು. ೧೯೬೬ರಿಂದ ಮೆಕ್ಸಿಕೊ ಗೋಧಿ, ಐಆರ್ ೮ ಭತ್ತ, ಯೂರಿಯಾ, ಪಂಪ್‌ಸೆಟ್. ಹಸಿರು ಕ್ರಾಂತಿ ಎಂದರು. ಬೆಂಬಲ ಬೆಲೆ, ಗೋದಾಮು, ಸಾಲ, ಸಂಶೋಧನೆ ಎಲ್ಲ ಗೋಧಿ ಮತ್ತು ಅಕ್ಕಿಯ ಬೆನ್ನಿಗೆ ನಿಂತವು. ಮಳೆ ನಂಬಿದ ರಾಗಿ, ಜೋಳ, ನವಣೆ, ಸಾಮೆ, ಹಾರಕಗಳಿಗೆ ‘ಒರಟು ಧಾನ್ಯ’ ಎಂಬ ಹೆಸರು ಕಾಗದಪತ್ರದಲ್ಲಿ ಬಿತ್ತು. ಒರಟು ಜನ, ಒರಟು ಧಾನ್ಯ!

ಹೊಸದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಜನ ಕರೆದ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕುದುರಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ‘ಇಂಡಾಫ್’ ತಳಿಗಳು. ಸಾವಿರಾರು ವರ್ಷದ ಹಿಂದೆ ಬೇರೆಯಾದ ದಾಯಾದಿಗಳು ಮತ್ತೆ ಕೂಡಿದರು. ಒಣಭೂಮಿಯ ರಾಗಿ ಇಳುವರಿ ಏರಿತು, ಬಡವರ ಬಟ್ಟಲಿಗೆ ಹೆಚ್ಚು ಮುದ್ದೆ ಬಂತು. ವಿಜ್ಞಾನ ಯಾರ ಕಡೆ ನಿಲ್ಲಬೇಕು ಎಂಬುದಕ್ಕೆ ಇದು ಉದಾಹರಣೆ. ಆದರೆ ಅಂಥ ಬೀಜದ ಜೊತೆಗೇ ಬಂದ ಕಂತೆ ಬೇರೆ. ಒಂದೇ ಬೆಳೆ, ಒಂದೇ ಕೊಯ್ಲು, ಮೂಟೆ ಗೊಬ್ಬರ. ಅಕ್ಕಡಿ ಸಾಲು ಅಡ್ಡವಾಯಿತು. ಆಮೇಲೆ ಕಳೆನಾಶಕ ಬಂತು. ಅದರ ಜೊತೆ ಬೆರಕೆ ಸೊಪ್ಪು ಹೋಯಿತು, ಕಳೆ ಕೀಳುವ ಕೂಲಿಯೂ ಹೋಯಿತು. ಒಂದೇ ಡಬ್ಬಿಯ ಔಷಧಿ ಕೇರಿಯ ಸಾರು, ಕೇರಿಯ ಸಂಬಳ ಎರಡನ್ನೂ ಕೊಂದಿತು. ಪಂಪ್‌ಸೆಟ್ ಬಂದ ಮೇಲೆ ತೊಗಲಿನ ಚೀಲ ಬೇಕಾಗಲಿಲ್ಲ. ಆಯವೂ ನಿಂತಿತು. ಹೊಲ ಮಾತ್ರ ಬರಲಿಲ್ಲ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಸೊಸೈಟಿ ಅಕ್ಕಿಯನ್ನು ಹಳಿಯುವುದು ಇವತ್ತಿನ ಪರಿಸರವಾದಿಗಳಿಗೆ ಒಂದು ಚಾಳಿಯಾಗಿದೆ. ಬಡವರ ಊಟ ಕೆಟ್ಟಿತು, ಮುದ್ದೆ ಮರೆತರು, ಎಲ್ಲರಿಗೂ ಸಕ್ಕರೆ ಕಾಯಿಲೆ ಅಂತ. ಅದರಲ್ಲಿ ಒಂದು ಪಾಲು ನಿಜವಿದೆ. ಇನ್ನೊಂದು ಪಾಲು ನಿಜವನ್ನು ಅವರು ಕಂಡಿಲ್ಲ. ರೇಷನ್ ಕಾರ್ಡಿನ ಅಕ್ಕಿ ಕೇರಿಗೆ ಬಂದ ದಿನ ಹಗೇವಿನ ಒಡೆಯನ ಕೈ ಸಡಿಲವಾಯಿತು. ನಾಲ್ಕು ಕೊಳಗ ರಾಗಿಗೆ ಮಗನನ್ನು ಬಿಡಬೇಕಾಗಿದ್ದ ತಾಯಿ ಆ ಅಂಗಳಕ್ಕೆ ಹೋಗುವುದನ್ನು ನಿಲ್ಲಿಸಿದಳು. ೧೯೭೬ರ ಜೀತ ನಿರ್ಮೂಲನ ಕಾಯ್ದೆ ಕಾಗದದ ಮೇಲೆ ಮಾಡಿದ್ದನ್ನು ಸೊಸೈಟಿ ಅಕ್ಕಿ ಒಲೆಯ ಮೇಲೆ ಮಾಡಿತು. ೨೦೧೩ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾಗಿ ಅಕ್ಕಿ ಕಿಲೋಗೆ ಒಂದು ರೂಪಾಯಿ ಆದಾಗ ‘ಇನ್ನು ಕೂಲಿಗೆ ಯಾರೂ ಬರೋದಿಲ್ಲ, ಜನ ಸೋಮಾರಿಗಳಾದರು’ ಎಂದು ಊರೊಳಗೆ ಎಷ್ಟು ಗೊಣಗಾಟ ಎದ್ದಿತು ಎಂಬುದು ನಮಗೆಲ್ಲ ಗೊತ್ತು. ಆ ಗೊಣಗಾಟವೇ ಸಾಕ್ಷಿ. ಹಸಿವು ಕಮ್ಮಿಯಾದರೆ ಕೂಲಿ ಕೇಳುವ ಬಾಯಿ ಬರುತ್ತದೆ. ಆದ್ದರಿಂದ ಗೆಳೆಯರೆ, ರೇಷನ್ ಅಕ್ಕಿಯನ್ನು ಕಿತ್ತುಕೊಂಡು ಸಿರಿಧಾನ್ಯದ ಉಪದೇಶ ಕೊಡುವವರ ಜೊತೆ ನಾವು ನಿಲ್ಲುವಂತಿಲ್ಲ. ನಮ್ಮ ಬೇಡಿಕೆ ಬೇರೆ. ಆ ಚೀಲಕ್ಕೆ ನಮ್ಮ ಹೊಲದ ರಾಗಿ, ಜೋಳವೂ ಬರಬೇಕು. ಬರಬೇಕಾದರೆ ನಮಗೆ ಹೊಲ ಬೇಕು.

*

ಹೊಲದ ಚರಿತ್ರೆ ಏನಾಯಿತು? ೧೯೬೧ರಲ್ಲಿ ಭೂಸುಧಾರಣಾ ಕಾಯ್ದೆ ಬಂತು. ದೇವರಾಜ ಅರಸರ ಕಾಲದಲ್ಲಿ ೧೯೭೪ರ ತಿದ್ದುಪಡಿ ಅದಕ್ಕೆ ಹಲ್ಲು ಕೊಟ್ಟಿತು. ಉಳುವವನೇ ಹೊಲದೊಡೆಯ ಎಂದರು. ಗೇಣಿದಾರರಿಗೆ ಭೂಮಿ ಬಂತು, ಹಿಂದುಳಿದ ಜಾತಿಗಳ ಎಷ್ಟೋ ಮನೆಗಳು ತಲೆ ಎತ್ತಿದವು. ಅದನ್ನು ಅಲ್ಲಗಳೆಯಬಾರದು. ಆದರೆ ಉಳುವವನು ಎಂದರೆ ಯಾರು? ಕಾನೂನಿಗೆ ಗೇಣಿದಾರ ಕಂಡ, ನೇಗಿಲು ಹಿಡಿದ ಜೀತದಾಳು ಕಾಣಲಿಲ್ಲ. ಫಾರಂ ೭ ತುಂಬಲು ಗೇಣಿಯ ಗುರುತು ಬೇಕು. ಕೂಲಿಯವನಿಗೆ ಎಲ್ಲಿಯ ಗೇಣಿ? ಅವನ ಗುರುತು ಬೆನ್ನಿನ ಮೇಲಿತ್ತು, ಅದನ್ನು ಯಾವ ನ್ಯಾಯಮಂಡಳಿಯೂ ಓದಲಿಲ್ಲ.

ದರಖಾಸ್ತಿನಲ್ಲಿ ಅಲ್ಲಿ ಇಲ್ಲಿ ಸಿಕ್ಕಿದ ಒಂದೆರಡು ಎಕರೆ ಕಲ್ಲುನೆಲವೂ ಮದುವೆ ಸಾಲಕ್ಕೆ, ಕಾಯಿಲೆ ಸಾಲಕ್ಕೆ ಮತ್ತೆ ಒಡೆಯನ ಕೈ ಸೇರುತ್ತಿತ್ತು. ಅದನ್ನು ತಡೆಯಲು ೧೯೭೮ರಲ್ಲಿ ಪರಿಶಿಷ್ಟರ ಭೂಮಿ ಪರಭಾರೆ ನಿಷೇಧ ಕಾಯ್ದೆ ಬಂತು. ಮಾರಿಹೋದ ಮಂಜೂರಾತಿ ಭೂಮಿಯನ್ನು ವಾಪಸು ಕೊಡಿಸುವ ಕಾನೂನು ಅದು. ೨೦೧೭ರಲ್ಲಿ, ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಎಂಬ ಸುಪ್ರೀಂ ಕೋರ್ಟಿನ ತೀರ್ಪು ಅದರ ಕಾಲು ಮುರಿಯಿತು. ತಲೆಮಾರು ತಲೆಮಾರು ಅಕ್ಷರ ಕೊಡದೆ ಇಟ್ಟವರು ಆಮೇಲೆ ಯಾಕೆ ತಡವಾಗಿ ಬಂದೆ ಎಂದು ಕೇಳಿದ ಹಾಗಾಯಿತು. ೨೦೨೩ರಲ್ಲಿ ತಿದ್ದುಪಡಿ ಮಾಡಿ ಕಾಲಮಿತಿಯ ಮಾತನ್ನು ತೆಗೆಸಬೇಕಾಯಿತು. ಈ ನಡುವೆ ೨೦೨೦ರಲ್ಲಿ ಭೂಸುಧಾರಣಾ ಕಾಯ್ದೆಯ ೭೯ಎ, ೭೯ಬಿ ಕಲಮುಗಳನ್ನೇ ಕಿತ್ತು, ಬೇಸಾಯ ಮಾಡದ ಹಣವಂತನೂ ಹೊಲ ಕೊಳ್ಳಬಹುದು ಎಂದು ಬಾಗಿಲು ತೆರೆದರು. ಉಳುವವನೇ ಹೊಲದೊಡೆಯ ಹೋಗಿ ಉಳ್ಳವನೇ ಹೊಲದೊಡೆಯ ಆಯಿತು.

೨೦೧೫–೧೬ರ ಕೃಷಿ ಗಣತಿ ನೋಡಿ. ಇಡೀ ದೇಶದ ಸಾಗುವಳಿ ಭೂಮಿಯಲ್ಲಿ ಪರಿಶಿಷ್ಟ ಜಾತಿಯವರ ಕೈಲಿರುವುದು ನೂರಕ್ಕೆ ಒಂಬತ್ತು ಪಾಲೂ ಇಲ್ಲ. ಜನಸಂಖ್ಯೆಯಲ್ಲಿ ನಾವು ೨೦೧೧ರಲ್ಲೇ ನೂರಕ್ಕೆ ಹದಿನಾರು ದಾಟಿದ್ದೆವು. ಬೆಳೆಯುವ ಕೈಗೂ ನೆಲಕ್ಕೂ ಇರುವ ದೂರ ಇದು. ಈ ದೂರ ಅಳಿಸದೆ ಎಂಥ ಗೊಬ್ಬರ ಹಾಕಿದರೇನು?

*

ಅಳಿಸಿದರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಉದಾಹರಣೆ ಇದೆ. ಅದು ದೂರವೇನಲ್ಲ. ಬೀದರಿನ ಗಡಿ ದಾಟಿದರೆ ಜಹೀರಾಬಾದ್. ಹಿಂದೆ ಮೇದಕ್ ಜಿಲ್ಲೆ, ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. ೧೯೮೩ರಲ್ಲಿ ಅಲ್ಲಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಕೆಲಸ ಶುರುಮಾಡಿತು. ಮುಂಚೂಣಿಯಲ್ಲಿದ್ದವರು ಮೈಸೂರು ಮೂಲದ ಪಿ.ವಿ. ಸತೀಶ್, ೨೦೨೩ರ ಮಾರ್ಚಿಯಲ್ಲಿ ತೀರಿಕೊಂಡರು. ಆದರೆ ಆ ಕೆಲಸದ ಬೆನ್ನೆಲುಬು ಹಳ್ಳಿ ಹಳ್ಳಿಯ ಹೆಂಗಸರ ಸಂಘಗಳು. ಸುಮಾರು ೭೫ ಹಳ್ಳಿ, ಸಾವಿರಾರು ಹೆಂಗಸರು. ಬಹುಪಾಲು ದಲಿತರು, ಬಹುಪಾಲು ಓದು ಬರಹ ಬಾರದವರು.

ಅವರ ಕೈಲಿ ಇದ್ದದ್ದು ಏನು? ಭೂಸುಧಾರಣೆಯ ಹೆಸರಲ್ಲಿ ಸರ್ಕಾರ ಹಂಚಿದ ಒಂದು ಎರಡು ಎಕರೆ ಜಂಬಿಟ್ಟಿಗೆ ನೆಲ. ಕಲ್ಲೇ ಹೆಚ್ಚು, ಮಣ್ಣೇ ಕಮ್ಮಿ. ಎಷ್ಟೋ ವರ್ಷದಿಂದ ಬೀಳು. ಅವರೂ ಅವರ ಗಂಡಂದಿರೂ ಒಡೆಯರ ಹೊಲದಲ್ಲಿ ದುಡಿಯುತ್ತಿದ್ದರು. ಸಂಘ ಕಟ್ಟಿಕೊಂಡ ಹೆಂಗಸರು ಆ ನೆಲದ ಕಲ್ಲು ಆಯ್ದರು, ಬದು ಹಾಕಿದರು, ಗೊಬ್ಬರ ಹೊತ್ತರು. ನಮ್ಮ ಅಕ್ಕಡಿಯ ಹಾಗೆಯೇ ಜೋಳ, ತೊಗರಿ, ನವಣೆ, ಸಜ್ಜೆ, ಅಲಸಂದೆ, ಪುಂಡಿ ಎಂದು ಒಂದೇ ಹೊಲದಲ್ಲಿ ಹತ್ತಿಪ್ಪತ್ತು ಬಗೆ ಬಿತ್ತಿದರು. ಬೀಜಕ್ಕೆ ಅಂಗಡಿಗೆ ಹೋಗಲಿಲ್ಲ. ಬುಟ್ಟಿಯಲ್ಲಿ ಬೂದಿ, ಬೇವಿನ ಸೊಪ್ಪು ಬೆರೆಸಿ ಬೀಜ ಕಾದಿಟ್ಟರು. ಬೀಜ ತಗೊಂಡವಳು ಸುಗ್ಗಿಯಲ್ಲಿ ಒಂದೂವರೆಯೋ ಎರಡೋ ಪಾಲು ಹಿಂತಿರುಗಿಸಬೇಕು. ಬಡ್ಡಿ ಹಣದಲ್ಲಲ್ಲ, ಬೀಜದಲ್ಲೇ. ಅದೂ ಸಾಹುಕಾರನಿಗಲ್ಲ, ಸಂಘಕ್ಕೆ.

೧೯೯೦ರ ದಶಕದ ನಡುವೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೂವತ್ತರಷ್ಟು ಹಳ್ಳಿಗ

ಳಲ್ಲಿ ಬೀಳು ಬಿದ್ದ ಹೊಲಗಳನ್ನು ಉಳಲು ಬಡ ರೈತರಿಗೆ ಸಾಲ ಕೊಟ್ಟರು. ಸಾಲವನ್ನು ಕೆಲವು ವರ್ಷಗಳಲ್ಲಿ ಜೋಳವಾಗಿ ತೀರಿಸಬೇಕು. ಆ ಜೋಳ ಊರಲ್ಲೇ ಸಂಘದ ಉಗ್ರಾಣ ಸೇರಿತು. ಮಳೆಗಾಲದಲ್ಲಿ ಹಳೆಯದು ಮುಗಿದು ಹೊಸದು ಬಾರದ ಹಸಿವಿನ ತಿಂಗಳುಗಳಲ್ಲಿ ಅದನ್ನು ಕಡುಬಡವರಿಗೆ ಕಮ್ಮಿ ಬೆಲೆಗೆ ಅಳೆದು ಕೊಟ್ಟರು. ಕಡುಬಡವರು ಯಾರು ಎಂದು ತೀರ್ಮಾನಿಸಿದ್ದು ತಾಲ್ಲೂಕು ಕಚೇರಿಯಲ್ಲ, ಊರವರೇ ಕೂತು. ಇದೂ ರೇಷನ್ನೇ. ಆದರೆ ಬೆಳೆದದ್ದು ಅಲ್ಲೇ, ಕೂಡಿಟ್ಟದ್ದು ಅಲ್ಲೇ, ಉಂಡದ್ದು ಅಲ್ಲೇ.

ನೋಡಿ, ಇದೂ ಒಂದು ಹಗೇವು. ಆದರೆ ಇದರ ಬಾಯಿ ಕೇರಿಯ ಅಂಗಳದಲ್ಲಿತ್ತು. ಚರಿತ್ರೆ ತಿರುಗಿದ್ದು ಇಲ್ಲಿ.

ಹೊಟ್ಟೆ ತುಂಬಿದ ಮೇಲೆ ಬಾಯಿ ಬಂತು. ಆ ಹೆಂಗಸರು ಕ್ಯಾಮರಾ ಹಿಡಿದು ವಾರಂಗಲ್ ಸೀಮೆಯ ಬಿಟಿ ಹತ್ತಿ ರೈತರ ಪಾಡನ್ನು ಚಿತ್ರ ಮಾಡಿದರು. ೨೦೦೮ರ ಅಕ್ಟೋಬರಿನಲ್ಲಿ ತಮ್ಮದೇ ‘ಸಂಘಂ ರೇಡಿಯೊ’ ಶುರುಮಾಡಿದರು. ಪ್ರತಿ ವರ್ಷ ಎತ್ತಿನ ಗಾಡಿಗಳಲ್ಲಿ ಬೀಜದ ಬುಟ್ಟಿ ಇಟ್ಟು ಊರೂರು ಮೆರವಣಿಗೆ ಮಾಡಿದರು. ಒಂದು ಕಾಲಕ್ಕೆ ಊರ ಬೀದಿಯಲ್ಲಿ ತಲೆ ಬಗ್ಗಿಸಿ ನಡೆಯಬೇಕಾಗಿದ್ದವರ ಬೀಜ ಗಾಡಿಯ ಮೇಲೆ ಕೂತು ಅದೇ ಬೀದಿಯಲ್ಲಿ ಬಂತು. ೨೦೧೯ರಲ್ಲಿ ವಿಶ್ವಸಂಸ್ಥೆಯ ಕಡೆಯಿಂದ ಈಕ್ವೇಟರ್ ಪ್ರಶಸ್ತಿಯೂ ಬಂತು. ಪ್ರಶಸ್ತಿ ಇರಲಿ, ದೊಡ್ಡದು ಅದಲ್ಲ. ಅಕ್ಕಡಿಯ ಜ್ಞಾನ ಅವರ ಅಜ್ಜಿಯರಿಗೂ ಇತ್ತು. ಆ ಅಜ್ಜಿಯರು ಬರದಲ್ಲಿ ಹಸಿದರು, ಇವರು ಹಸಿಯಲಿಲ್ಲ. ವ್ಯತ್ಯಾಸ ಜ್ಞಾನದ್ದಲ್ಲ. ವ್ಯತ್ಯಾಸ ಆ ಒಂದೆರಡು ಎಕರೆಯದ್ದು, ಸಂಘದ್ದು, ಉಗ್ರಾಣದ ಬೀಗದ ಕೈಯದ್ದು.

ಸ್ವಯಂಸೇವಾ ಸಂಸ್ಥೆಯಿಂದ ಜಾತಿ ಹೋಗುತ್ತದೆಯೇ, ಕ್ರಾಂತಿ ಆಗುತ್ತದೆಯೇ ಎಂದು ಕೇಳುವ ಗೆಳೆಯರಿದ್ದಾರೆ. ಆಗುವುದಿಲ್ಲ. ೭೫ ಹಳ್ಳಿ ಇಡೀ ದೇಶವಲ್ಲ. ಆದರೆ ನಾವು ಬರೀ ಭಾಷಣದಲ್ಲಿ ಹೇಳುವ ಮಾತನ್ನು ಆ ತಾಯಂದಿರು ಹೊಲದಲ್ಲಿ ಬಿತ್ತಿ ತೋರಿಸಿದ್ದಾರೆ. ಕಲಿಯಲು ನಾಚಿಕೆ ಯಾಕೆ?

*

೧೯೭೩ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಏನೇನಾಯಿತು ಎಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಮಂತ್ರಿ ಪದವಿ ಹೋಯಿತು, ಹಾಸ್ಟೆಲಿನ ಹುಡುಗರಿಗೆ ಏಟು ಬಿತ್ತು. ಬೂಸಾ ಎಂದರೆ ದನದ ಮೇವು. ಆ ಮಾತಿಗೆ ಅಷ್ಟು ಸಿಟ್ಟು ಬಂದವರಿಗೆ, ಕಣ ಗುಡಿಸಿದ ಕಾಳನ್ನು ಮನುಷ್ಯರ ಕೈಗೆ ಅಳೆದು ಕೊಡುವಾಗ ಒಂದು ದಿನವೂ ಸಿಟ್ಟು ಬಂದಿರಲಿಲ್ಲ.

ಈಗ ಕಾಲ ಬದಲಾಗಿದೆ. ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿತು. ಒರಟು ಧಾನ್ಯಕ್ಕೆ ಸಿರಿ ಬಂತು. ನಗರದ ತಂಪು ಅಂಗಡಿಗಳಲ್ಲಿ ನವಣೆ, ಸಾಮೆ, ಊದಲು ಬಣ್ಣದ ಪೊಟ್ಟಣದಲ್ಲಿ ಕೂತಿವೆ. ನಿನ್ನೆಯವರೆಗೆ ಮುದ್ದೆ ಉಣ್ಣುವವನನ್ನು ಕಂಡು ನಕ್ಕವರು ಇವತ್ತು ವೈದ್ಯರ ಮಾತು ಕೇಳಿ ಮುದ್ದೆ ನುಂಗಲು ಕಲಿಯುತ್ತಿದ್ದಾರೆ. ಕಲಿಯಲಿ, ಸಂತೋಷ. ಆದರೆ ಆ ಪೊಟ್ಟಣದ ಬೆಲೆಗೆ ನವಣೆಯನ್ನು ಕಳೆ ಕಿತ್ತ ಹೆಂಗಸು ಕೊಳ್ಳಲಾರಳು. ಬೆಳೆದವಳ ಬಟ್ಟಲಿನಿಂದ ಒಂದು ಸಲ ಹಗೇವು ರಾಗಿಯನ್ನು ಕಿತ್ತಿತು, ಈಗ ಪೊಟ್ಟಣ ನವಣೆಯನ್ನು ಕೀಳುತ್ತಿದೆ. ಬಾಯಿ ಮಾತ್ರ ಜಾಗ ಬದಲಿಸಿದೆ, ಹಳ್ಳಿಯ ಅಂಗಳದಿಂದ ಪೇಟೆಯ ಅಂಗಡಿಗೆ.

ಹಾಗಾದರೆ ನಾವು ಕೇಳಬೇಕಾದ್ದು ಏನು? ದೊಡ್ಡ ಮಾತು ಬೇಡ, ಲೆಕ್ಕದ ಮಾತು ಸಾಕು. ಮಂಜೂರಾದ ಭೂಮಿ ಕೈಗೆ ಬರಬೇಕು, ಕೈ ಬಿಟ್ಟದ್ದು ವಾಪಸಾಗಬೇಕು, ಹೆಂಗಸರ ಹೆಸರಿಗೆ ಪಹಣಿಯಾಗಬೇಕು. ಬೀಜ ಊರ ಹೆಂಗಸರ ಸಂಘದಲ್ಲಿರಬೇಕು. ರೇಷನ್ನಿಗೆ, ಶಾಲೆಯ ಬಿಸಿಯೂಟಕ್ಕೆ, ಹಾಸ್ಟೆಲಿಗೆ ಬೇಕಾದ ರಾಗಿ, ಜೋಳ, ಅವರೆ, ತೊಗರಿಯನ್ನು ಸರ್ಕಾರ ಆಯಾ ತಾಲ್ಲೂಕಿನ ಸಣ್ಣ ಹಿಡುವಳಿಯ ದಲಿತ ರೈತರಿಂದ ಮೊದಲು ಕೊಳ್ಳಬೇಕು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ನಾಡು ನಮ್ಮದು. ಆ ರಾಗಿ ನಮ್ಮ ಮಕ್ಕಳ ತಟ್ಟೆಗೆ ಬಾರದೆ ಬೇರೆಲ್ಲಿಗೆ ಹೋಗಬೇಕು?

ಮೇಷ್ಟರುಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಲ್ಲಿ ಹಳೆಯ ಹಗೇವು ಇದ್ದರೆ ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸಿ. ಎಷ್ಟು ಆಳ, ಎಷ್ಟು ಪಲ್ಲ ಹಿಡಿಯುತ್ತಿತ್ತು ಎಂದು ಲೆಕ್ಕ ಹಾಕಿಸಿ. ಆಮೇಲೆ ಕೇರಿಯ ಒಬ್ಬ ಮುದುಕನನ್ನೋ ಮುದುಕಿಯನ್ನೋ ಕೂರಿಸಿ, ಇದರೊಳಗೆ ಇಳೀತಿದ್ದೋರು ಯಾರು ಅಂತ ಹುಡುಗರೇ ಕೇಳಲಿ. ಉತ್ತರವನ್ನು ಅವರ ಕೈಯಲ್ಲೇ ಬರೆಸಿ. ಪಠ್ಯಪುಸ್ತಕದಲ್ಲಿ ಇಲ್ಲದ ಚರಿತ್ರೆ ಹಾಗೆ ಶುರುವಾಗಲಿ.